ಅಪ್ಪ ಬಾಯಿ ಬಿಡುವ ಪುಟ: ಜನಪ್ರಿಯ ಕಾದಂಬರಿಗಳಲ್ಲಿ ತಂದೆ ಮತ್ತು ಮಕ್ಕಳು

(ಪರದೆಯ ಮೇಲೆ: ಬಳ್ಳಾರಿ ಕೋಟೆಯ ಬಂಡೆಗುಡ್ಡ. ನಂತರ ಹಳೆಯ ಕಾದಂಬರಿಗಳು ಒತ್ತಾಗಿ ನಿಂತಿರುವ ಕಪಾಟು.)

ನಮಸ್ಕಾರ. ಪ್ರೇಮ ಕಾದಂಬರಿಯಲ್ಲಿ ಅಪ್ಪ ತನ್ನ ಒಪ್ಪಿಗೆಯನ್ನು ತಡೆದು ಹಿಡಿಯುತ್ತಾನೆ. ಥ್ರಿಲ್ಲರ್‌ನಲ್ಲಿ ಅದೇ ಅಪ್ಪ ತನಗೆ ಗೊತ್ತಿರುವ ಒಂದು ಸಂಗತಿಯನ್ನು ತಡೆದು ಹಿಡಿಯುತ್ತಾನೆ. ಈ ಎರಡು ಬಗೆಯ ಪುಸ್ತಕಗಳನ್ನು ನಾವು ಬೇರೆ ಬೇರೆ ಕಪಾಟಿನಲ್ಲಿ ಇಡುತ್ತೇವಾದರೂ, ಓದುವವರನ್ನು ರಾತ್ರಿ ಹನ್ನೆರಡರವರೆಗೆ ಎಚ್ಚರವಾಗಿಡುವ ಪ್ರಶ್ನೆ ಎರಡರಲ್ಲೂ ಒಂದೇ ಆಗಿರುತ್ತದೆ: ಈ ಮನುಷ್ಯ ಯಾವಾಗ ಬಾಯಿ ಬಿಡುತ್ತಾನೆ, ಬಿಟ್ಟ ಮೇಲೆ ಅವನ ಮಕ್ಕಳ ಗತಿ ಏನಾಗುತ್ತದೆ? ಅಪ್ಪನ ಈ ಮೌನವನ್ನು ಜನಪ್ರಿಯ ಕಾದಂಬರಿಕಾರರು ಹೇಗೆ ಕಟ್ಟುತ್ತಾರೆ, ಅದು ಎಲ್ಲಿ ನಿಜವೆನಿಸುತ್ತದೆ, ಎಲ್ಲಿ ಬರಿಯ ತಂತ್ರವಾಗಿ ಉಳಿಯುತ್ತದೆ ಎಂಬುದನ್ನು ಇಂದು ನೋಡೋಣ. ಬಳ್ಳಾರಿ, ರಾಯಚೂರು, ಕೊಪ್ಪಳದ ಮನೆಗಳಲ್ಲಿ ಅಪ್ಪಂದಿರು ಮುಚ್ಚಿಟ್ಟುಕೊಳ್ಳುವ ವಿಷಯಗಳು ಇಂಥ ಕಾದಂಬರಿಗಳಿಗೆ ಇನ್ನೂ ಸಾಕಷ್ಟು ಬಂದಿಲ್ಲ ಎಂಬುದು ನನ್ನ ದೂರು. ಅದಕ್ಕೆ ಕಾರಣಗಳನ್ನೂ ಕೊಡುತ್ತೇನೆ.

(ಪರದೆಯ ಮೇಲೆ: ಬಾಡಿಗೆ ಪುಸ್ತಕವೊಂದರ ಕೊನೆಯ ಪುಟ, ಹತ್ತಿರದಿಂದ.)

ಮೊದಲು ಈ ಕಥೆಗಳು ನಮ್ಮ ಕೈಗೆ ಬಂದ ದಾರಿ. 1965ರಲ್ಲಿ ಆರಂಭವಾದ ಸುಧಾ, 1983ರಲ್ಲಿ ಆರಂಭವಾದ ತರಂಗ ಮುಂತಾದ ವಾರಪತ್ರಿಕೆಗಳು ಕಾದಂಬರಿಯನ್ನು ಕಂತು ಕಂತಾಗಿ ಮನೆಗೆ ತಂದವು. ಪತ್ರಿಕೆ ಕೊಳ್ಳಲಾಗದವರಿಗೆ ಬಾಡಿಗೆ ಪುಸ್ತಕದ ಅಂಗಡಿಗಳಿದ್ದವು. ಅಲ್ಲಿನ ಪ್ರತಿಗಳನ್ನು ಕಂಡವರಿಗೆ ನೆನಪಿರುತ್ತದೆ: ದಪ್ಪ ರಟ್ಟು, ಬೆನ್ನಿಗೆ ಅಂಟಿಸಿದ ಬಟ್ಟೆಯ ಪಟ್ಟಿ, ಹಿಂದೆ ತಾರೀಖುಗಳನ್ನು ಬರೆದ ಚೀಟಿ, ಅಂಚಿನಲ್ಲಿ ಯಾರೋ ಪೆನ್ಸಿಲ್ಲಿನಿಂದ ಗೀಚಿದ ‘ಅಯ್ಯೋ ಪಾಪ’. ಕಂತಿನ ಬರವಣಿಗೆಗೆ ಒಂದು ಕಟ್ಟುಪಾಡು ಇರುತ್ತದೆ. ಈ ವಾರದ ಭಾಗ ಮುಗಿಯುವಾಗ ಓದುಗರ ಮನಸ್ಸಿನಲ್ಲಿ ಒಂದು ಪ್ರಶ್ನೆ ಉಳಿಯಲೇಬೇಕು. ಅದಕ್ಕೆ ಅತ್ಯಂತ ಅಗ್ಗದ, ಅತ್ಯಂತ ಬಲವಾದ ಉಪಾಯವೆಂದರೆ ಅಪ್ಪ ಅರ್ಧ ಮಾತು ಆಡಿ ಎದ್ದುಹೋಗುವುದು. ಮಗಳು ಬಾಗಿಲಲ್ಲಿ ನಿಂತಿರುತ್ತಾಳೆ, ‘ಮುಂದಿನ ವಾರಕ್ಕೆ’ ಎಂಬ ಸಾಲು ಬರುತ್ತದೆ.

ನಮ್ಮ ಭಾಗದ ಓದಿಗೆ ಇನ್ನೊಂದು ಮೂಲವೂ ಇತ್ತು. ಬಳ್ಳಾರಿ 1953ರವರೆಗೆ ಮದ್ರಾಸ್ ರಾಜ್ಯದಲ್ಲಿತ್ತು. ರಾಯಚೂರು, ಕೊಪ್ಪಳ 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿದ್ದವು. ಹೀಗಾಗಿ ಮನೆಯಲ್ಲಿ ಕನ್ನಡ, ಅಂಗಡಿಯಲ್ಲಿ ತೆಲುಗು ಎನ್ನುವ ಕುಟುಂಬಗಳು ಇಲ್ಲಿ ಹೊಸತೇನಲ್ಲ, ತೆಲುಗು ಕಾದಂಬರಿಯನ್ನು ಅನುವಾದಕ್ಕೆ ಕಾಯದೆ ಓದಿದವರೂ ಇದ್ದಾರೆ. ಯಂಡಮೂರಿ ವೀರೇಂದ್ರನಾಥರ ‘ತುಳಸಿದಳ’ ತೆಲುಗಿನಿಂದ ಕನ್ನಡಕ್ಕೆ ಬಂದು ಮನೆಮಾತಾದ ಕಾದಂಬರಿ. ಪುಟ್ಟ ಹುಡುಗಿಯೊಬ್ಬಳ ಮೇಲೆ ಮಾಟ ನಡೆಯುತ್ತಿದೆ ಎಂಬ ಭಯ ಅದರ ಕೇಂದ್ರ. ಅದನ್ನು ಕೇವಲ ಮಾಟಮಂತ್ರದ ಕಥೆಯೆಂದು ನೆನಪಿಟ್ಟುಕೊಂಡವರು ಬಹಳ. ಆದರೆ ಅದರ ನಿಜವಾದ ಬಿಗಿ ಇರುವುದು ಮಗುವಿನ ಹಾಸಿಗೆಯ ಪಕ್ಕದಲ್ಲಿರುವ ಹೆತ್ತವರಲ್ಲಿ ಎಂದು ನಾನು ಭಾವಿಸುತ್ತೇನೆ. ನಂಬಬೇಕೋ ನಂಬಬಾರದೋ ತಿಳಿಯದೆ, ಮಗಳು ನರಳುವುದನ್ನು ನೋಡುತ್ತ, ಡಾಕ್ಟರ ಕಡೆಗೂ ಮಂತ್ರವಾದಿಯ ಕಡೆಗೂ ತಿರುಗಬೇಕಾದ ತಂದೆಯ ಸಂಕಟವನ್ನು ತೆಗೆದುಬಿಟ್ಟರೆ ಆ ಭಯಕ್ಕೆ ನೆಲೆಯೇ ಇರುವುದಿಲ್ಲ.

ಇದಕ್ಕಿಂತ ಹಳೆಯದಾದ ಪತ್ತೇದಾರಿ ಕಾದಂಬರಿಗಳಲ್ಲಿ ಅಪ್ಪನ ಪಾತ್ರ ಚಿಕ್ಕದು. ಅವನು ಸಾಮಾನ್ಯವಾಗಿ ಸಿರಿವಂತ, ಮೊದಲ ಅಧ್ಯಾಯಗಳಲ್ಲೇ ಕೊಲೆಯಾಗುತ್ತಾನೆ, ಅವನ ಉಯಿಲಿನಲ್ಲಿ ಹೆಸರಿರುವ ಮಕ್ಕಳೆಲ್ಲ ಸಂಶಯಕ್ಕೆ ಗುರಿಯಾಗುತ್ತಾರೆ. ಅಲ್ಲಿ ಮಕ್ಕಳ ದುಃಖಕ್ಕೆ ಜಾಗವಿಲ್ಲ. ಸುಳಿವುಗಳಿಗೆ ಮಾತ್ರ ಇದೆ.

(ಪರದೆಯ ಮೇಲೆ: ಉಪನೋಂದಣಾಧಿಕಾರಿ ಕಚೇರಿಯ ಸೂಚನಾ ಫಲಕ.)

ಈಗ ಪ್ರೇಮ ಕಾದಂಬರಿಗೆ ಬರೋಣ. ಇಲ್ಲಿ ಅಪ್ಪನ ‘ಬೇಡ’ ಎಂಬ ಮಾತಿಗೆ ಕಾರಣವಿದೆಯೇ ಎನ್ನುವುದೇ ಪುಸ್ತಕದ ತೂಕವನ್ನು ನಿರ್ಧರಿಸುತ್ತದೆ. ಎಸ್.ಎಲ್. ಭೈರಪ್ಪನವರ ‘ದಾಟು’ ಜನಪ್ರಿಯ ಪ್ರೇಮ ಕಾದಂಬರಿಗಳ ಸಾಲಿಗೆ ಸೇರುವುದಿಲ್ಲ; 1975ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಕೃತಿ ಅದು. ಆದರೂ ಈ ಮಾತಿಗೆ ಅದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಗುವುದಿಲ್ಲ. ಅರ್ಚಕರ ಮಗಳು ಸತ್ಯಭಾಮೆ ಗೌಡರ ಮಗನನ್ನು ಪ್ರೀತಿಸಿದಾಗ ಅಲುಗಾಡುವುದು ಒಬ್ಬ ತಂದೆಯ ಹಟ ಮಾತ್ರವಲ್ಲ, ಅವನ ದೇವಸ್ಥಾನದ ಕೆಲಸ, ಊರಿನಲ್ಲಿ ಅವನಿಗಿರುವ ಸ್ಥಾನ, ಅವನು ತನ್ನ ಬಗ್ಗೆ ಇಟ್ಟುಕೊಂಡಿರುವ ನಂಬಿಕೆ ಎಲ್ಲವೂ. ಅವನ ನಿರಾಕರಣೆಯನ್ನು ನಾವು ಒಪ್ಪದಿದ್ದರೂ ಅದು ಎಲ್ಲಿಂದ ಬಂತು ಎಂಬುದು ನಮಗೆ ಅರ್ಥವಾಗುತ್ತದೆ. ಸಾಧಾರಣ ಪ್ರೇಮ ಕಾದಂಬರಿಯಲ್ಲಿ ಈ ಕೆಲಸವನ್ನು ಮಾಡಲು ಲೇಖಕರಿಗೆ ವ್ಯವಧಾನವಿರುವುದಿಲ್ಲ. ಅಲ್ಲಿನ ಅಪ್ಪ ಮೊದಲು ಗುಡುಗುತ್ತಾನೆ, ನಂತರ ಎದೆ ಹಿಡಿದುಕೊಂಡು ಕುಸಿಯುತ್ತಾನೆ, ಆಸ್ಪತ್ರೆಯ ಮಂಚದ ಮೇಲೆ ಮಗಳಿಂದ ಮಾತು ತೆಗೆದುಕೊಳ್ಳುತ್ತಾನೆ, ಕೊನೆಯ ಪುಟದಲ್ಲಿ ಮನಸ್ಸು ಬದಲಿಸುತ್ತಾನೆ. ಮಗಳನ್ನು ಕೋಣೆಯಲ್ಲಿ ಕೂಡಿಹಾಕಿದವನನ್ನು, ಅವಳ ಮೇಲೆ ಕೈ ಮಾಡಿದವನನ್ನು ‘ಪ್ರೀತಿಯಿಂದಲೇ ಹಾಗೆ ಮಾಡಿದ’ ಎಂದು ಒಂದು ಸಾಲಿನಲ್ಲಿ ಕ್ಷಮಿಸಿಬಿಡುವ ಕಾದಂಬರಿಗಳನ್ನು ಓದಿದಾಗ ನನಗೆ ನೋವಾಗುತ್ತದೆ, ಏಕೆಂದರೆ ಅದನ್ನು ಓದುತ್ತಿರುವ ಹುಡುಗಿ ಅಂಥದೇ ಕೋಣೆಯಲ್ಲಿ ಇರಬಹುದು.

ಕಾನೂನು ಏನು ಹೇಳುತ್ತದೆ ಎಂಬುದನ್ನು ಇಂಥ ಪುಸ್ತಕಗಳು ಬಹುಪಾಲು ಮರೆತೇಬಿಡುತ್ತವೆ. ಹುಡುಗಿಗೆ 18, ಹುಡುಗನಿಗೆ 21 ತುಂಬಿದ್ದರೆ ಮದುವೆಗೆ ತಂದೆಯ ಒಪ್ಪಿಗೆ ಬೇಕಿಲ್ಲ. ಆದರೆ 1954ರ ವಿಶೇಷ ವಿವಾಹ ಕಾಯ್ದೆಯ ಪ್ರಕಾರ ಮದುವೆಯಾಗಲು ಮೊದಲೇ ನೋಟಿಸ್ ಕೊಡಬೇಕು, ಅದನ್ನು ಕಚೇರಿಯಲ್ಲಿ ಎಲ್ಲರಿಗೂ ಕಾಣುವಂತೆ ಅಂಟಿಸಲಾಗುತ್ತದೆ, 30 ದಿನ ಆಕ್ಷೇಪಣೆಗೆ ಅವಕಾಶವಿರುತ್ತದೆ. ಯೋಚಿಸಿ ನೋಡಿ: ಒಂದು ಹಾಳೆ, ಎರಡು ಹೆಸರು, ಎರಡು ವಿಳಾಸ, ಗಂಗಾವತಿಯಂಥ ಊರು. ಜಮೀನು ನೋಂದಣಿಗೆಂದು ಅದೇ ಕಚೇರಿಗೆ ಬಂದ ಪರಿಚಯದವರು ಒಬ್ಬರು ಅದನ್ನು ಓದಿದರೆ ಸಾಕು, ಸಂಜೆಯೊಳಗೆ ಸುದ್ದಿ ಮನೆ ಮುಟ್ಟುತ್ತದೆ. ಇಷ್ಟು ಬಲವಾದ ಗಡುವನ್ನು ಕಾನೂನೇ ಕೊಟ್ಟಿರುವಾಗ ಪ್ರೇಮ ಕಾದಂಬರಿಯೊಂದು ಅಲ್ಲಿಯೇ ಥ್ರಿಲ್ಲರ್ ಆಗಿಬಿಡಬಹುದು. ಅಪ್ಪನಿಗೆ ಗೊತ್ತಾಗಿದೆಯೋ ಇಲ್ಲವೋ? ಗೊತ್ತಾಗಿಯೂ ಸುಮ್ಮನಿದ್ದಾನೆಯೇ? ಸುಮ್ಮನಿದ್ದರೆ ಅದು ಸಮ್ಮತಿಯೋ ಸಿದ್ಧತೆಯೋ?

(ಪರದೆಯ ಮೇಲೆ: ತುಂಗಭದ್ರಾ ಎಡದಂಡೆ ಕಾಲುವೆ, ಭತ್ತದ ಗದ್ದೆ.)

ನಮ್ಮ ಜಿಲ್ಲೆಗಳ ಅಪ್ಪನನ್ನು ಇಂಥ ಕಾದಂಬರಿಯಲ್ಲಿ ಕೂರಿಸಿದರೆ ಏನಾಗುತ್ತದೆ ಎಂಬುದನ್ನು ಒಂದು ಕಲ್ಪಿತ ಸನ್ನಿವೇಶದಿಂದ ತೋರಿಸುತ್ತೇನೆ. ಮಾನ್ವಿ ತಾಲೂಕಿನ ಒಂದು ಊರು, ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಯ ಭಾಗ. ಮೇಲಿನವರ ಗದ್ದೆ ತುಂಬಿದ ಮೇಲೆ ಉಳಿದರೆ ಮಾತ್ರ ಇಲ್ಲಿಗೆ ನೀರು. 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟೆಯ 19ನೇ ಕ್ರಸ್ಟ್ ಗೇಟ್ ಕೊಚ್ಚಿಹೋದಾಗ ತುಂಬಿದ ಜಲಾಶಯದ ನೀರನ್ನು ಹೊಳೆಗೆ ಬಿಡಬೇಕಾಯಿತು. ಎರಡನೇ ಬೆಳೆಯ ಚಿಂತೆ ಅಂದು ರಾತ್ರಿಯೇ ಪ್ರತಿ ಮನೆಯನ್ನೂ ಹೊಕ್ಕಿತು. ನಮ್ಮ ಕಥೆಯ ಅಪ್ಪ ಅದೇ ವರ್ಷ ಸಿಂಧನೂರಿನ ದಲ್ಲಾಳಿಯೊಬ್ಬರಿಂದ ಗೊಬ್ಬರಕ್ಕೆ, ನಾಟಿಯ ಕೂಲಿಗೆ ಸಾಲ ಎತ್ತಿದ್ದಾನೆ. ಮಗಳು ಪ್ರೀತಿಸುತ್ತಿರುವುದು ಆ ದಲ್ಲಾಳಿಯ ಮಗನನ್ನು. ಅಪ್ಪನ ಈ ಸಾಲ ಅವಳಿಗೆ ಗೊತ್ತಿಲ್ಲ.

‘ಯಪ್ಪಾ, ಒಂದ್ ಮಾತ್ ಕೇಳ್ಲೇನು?’

‘ಮೊದ್ಲ ಉಣ್ಣವಾ. ಆಮ್ಯಾಲ ಮಾತು.’

ಆಮೇಲೆ ಮಾತು ಬರುವುದಿಲ್ಲ. ಮದುವೆಯ ಮಾತಿಗೆ ಅಪ್ಪ ಬೇಡವೆಂದ ಮೇಲೆ ಅವಳು ಜಾತಿಯನ್ನು ಶಂಕಿಸುತ್ತಾಳೆ, ಅಪ್ಪನ ಹಟವನ್ನು ಶಂಕಿಸುತ್ತಾಳೆ, ತಮ್ಮನ ಕಿವಿಮಾತನ್ನು ಶಂಕಿಸುತ್ತಾಳೆ. ನೂರು ಪುಟಗಳ ನಂತರ ಟ್ರಂಕಿನಲ್ಲಿ, ಪಹಣಿಯ ಮಡಿಕೆಯೊಳಗೆ, ಅಂಗಡಿಯ ಮೊಹರಿರುವ ಲೆಕ್ಕದ ಪಟ್ಟಿ ಅವಳ ಕೈಗೆ ಸಿಗುತ್ತದೆ. ತೂಕ, ಹಮಾಲಿ, ಹಿಂದಿನ ಬಾಕಿ, ಬಡ್ಡಿ, ಕೊನೆಗೆ ಅಪ್ಪನ ಹೆಬ್ಬೆಟ್ಟು. ತಾನು ಸೊಸೆಯಾಗಿ ಹೋಗಲಿರುವ ಮನೆಗೆ ಅಪ್ಪ ಸಾಲಗಾರನಾಗಿ ಕೈಕಟ್ಟಿ ನಿಂತಿರುವುದು ಅವಳಿಗೆ ಅಲ್ಲಿ ತಿಳಿಯುತ್ತದೆ. ಅಪ್ಪನ ನಿರಾಕರಣೆ ಆಗ ಬೇರೆಯೇ ಅರ್ಥ ಪಡೆಯುತ್ತದೆ, ಪ್ರೇಮಿಯ ಮೌನವೂ ಪ್ರಶ್ನೆಗೆ ಒಳಗಾಗುತ್ತದೆ: ಅವನಿಗೆ ಇದು ಮೊದಲೇ ಗೊತ್ತಿತ್ತೇ? ಬಂಗಲೆ, ಕಾರು, ತೋಟದ ಮನೆಗಳಿರುವ ಶ್ರೀಮಂತ ತಂದೆಯನ್ನು ಇಟ್ಟುಕೊಂಡು ಈ ಪ್ರಶ್ನೆಯನ್ನು ಹುಟ್ಟಿಸಲು ಸಾಧ್ಯವೇ ಇಲ್ಲ.

(ಪರದೆಯ ಮೇಲೆ: ಸಂಡೂರಿನ ಕೆಂಪು ಗುಡ್ಡಗಳು, ಸಾಲಾಗಿ ನಿಂತ ಲಾರಿಗಳು.)

ಬಳ್ಳಾರಿಯ ಕಡೆಗೆ ಬಂದರೆ ಥ್ರಿಲ್ಲರ್‌ಗೆ ಬೇಕಾದದ್ದು ಗಣಿಯ ಧೂಳಿನಲ್ಲೇ ಇದೆ. ಕಬ್ಬಿಣದ ಅದಿರಿಗೆ ಚೀನಾದಿಂದ ಬೇಡಿಕೆ ಏರಿದ ವರ್ಷಗಳಲ್ಲಿ ಸಾಲ ಮಾಡಿ ಲಾರಿ ಕೊಂಡ ಮನೆಗಳು ಸಂಡೂರು, ಹೊಸಪೇಟೆ ಭಾಗದಲ್ಲಿ ಎಷ್ಟೋ. 2011ರ ಜುಲೈನಲ್ಲಿ ಅಕ್ರಮ ಗಣಿಗಾರಿಕೆಯ ಬಗ್ಗೆ ಲೋಕಾಯುಕ್ತ ವರದಿ ಬಂತು, ಅದೇ ತಿಂಗಳ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯಲ್ಲಿ ಗಣಿಗಾರಿಕೆಯನ್ನು ನಿಲ್ಲಿಸಲು ಆದೇಶಿಸಿತು. ದೊಡ್ಡವರ ಹೆಸರುಗಳು ಪತ್ರಿಕೆಯಲ್ಲಿ ಬಂದವು. ನಿಂತ ಲಾರಿಯ ಕಂತು ಕಟ್ಟಬೇಕಾದವನ ಹೆಸರು ಎಲ್ಲಿಯೂ ಬರಲಿಲ್ಲ. ಪರ್ಮಿಟ್ಟಿನಲ್ಲಿ ಬರೆದ ತೂಕವೇ ಬೇರೆ, ಲಾರಿಗೆ ತುಂಬಿದ ತೂಕವೇ ಬೇರೆ ಎಂದು ಗೊತ್ತಿದ್ದೂ ರುಜು ಹಾಕಿದ ತೂಕದಕಟ್ಟೆಯ ಗುಮಾಸ್ತನೊಬ್ಬ ತನ್ನ ಮಗನನ್ನು ಅದೇ ದುಡ್ಡಿನಲ್ಲಿ ಇಂಜಿನಿಯರಿಂಗ್ ಓದಿಸಿದ್ದರೆ, ಮಗ ಮುಂದೊಂದು ದಿನ ಆ ರುಜುವನ್ನು ಕಂಡಾಗ ಏನು ಮಾಡುತ್ತಾನೆ? ಈ ಕಥೆಯಲ್ಲಿ ಖಳನಾಯಕನನ್ನು ಹುಡುಕಿಕೊಂಡು ಹೊರಗೆ ಹೋಗಬೇಕಿಲ್ಲ. ಮಗನ ಮೈಮೇಲಿನ ಅಂಗಿಯೇ ಸಾಕ್ಷಿ.

ಕೊಪ್ಪಳ, ರಾಯಚೂರಿನ ಗುಳೆಯ ಬಗ್ಗೆಯೂ ಒಂದು ಮಾತು ಹೇಳಬೇಕು. ದುಡಿಮೆಗೆಂದು ಬೆಂಗಳೂರಿಗೋ ಪುಣೆಗೋ ಹೋದ ತಂದೆ, ಅಜ್ಜಿಯ ಬಳಿ ಉಳಿದ ಮಕ್ಕಳು, ವಾರಕ್ಕೊಮ್ಮೆ ಬರುವ ಫೋನು. ಒಂದು ವಾರ ಅದು ಬರದಿದ್ದರೆ ಕಾದಂಬರಿ ಅಲ್ಲಿಂದಲೇ ಶುರುವಾಗುತ್ತದೆ.

(ಪರದೆಯ ಮೇಲೆ: ನಾಡಕಚೇರಿ, ಅರ್ಜಿಗಳ ಕಟ್ಟು.)

ಅಪ್ಪ ಸತ್ತ ಮೇಲೂ ಅವನ ಮೌನ ಮುಗಿಯುವುದಿಲ್ಲ. ಪೌತಿ ಖಾತೆ ಮಾಡಿಸಲು, ಅಂದರೆ ಸತ್ತವರ ಹೆಸರಿನ ಜಮೀನನ್ನು ವಾರಸುದಾರರ ಹೆಸರಿಗೆ ಬದಲಿಸಲು, ವಂಶವೃಕ್ಷ ಬೇಕು. ಆ ಹಾಳೆಯಲ್ಲಿ ಯಾರ ಹೆಸರು ಬರೆದಿದೆ, ಯಾರದು ಬಿಟ್ಟಿದೆ ಎಂಬುದರಲ್ಲಿ ಒಂದು ಮನೆಯ ಇಡೀ ಗುಟ್ಟು ಇರುತ್ತದೆ. ಕರ್ನಾಟಕ 1994ರಲ್ಲೇ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಗಂಡುಮಕ್ಕಳಿಗೆ ಸಮನಾದ ಹಕ್ಕು ಕೊಡಲು ಕಾನೂನು ತಿದ್ದಿತು, 2005ರಲ್ಲಿ ಕೇಂದ್ರವೂ ತಿದ್ದಿತು. ಆದರೂ ಹೆಣ್ಣುಮಕ್ಕಳ ಹೆಸರನ್ನು ಕೈಬಿಟ್ಟು ಖಾತೆ ಮಾಡಿಸಿಕೊಳ್ಳುವುದು ಹಳ್ಳಿಗಳಲ್ಲಿ ನಿಂತಿಲ್ಲ. ಇನ್ನು, ಅಪ್ಪನ ಮದುವೆ ಕಾನೂನಿನ ಕಣ್ಣಿನಲ್ಲಿ ಅಸಿಂಧುವಾಗಿದ್ದರೂ ಅದರಲ್ಲಿ ಹುಟ್ಟಿದ ಮಕ್ಕಳಿಗೆ ಅವಿಭಕ್ತ ಕುಟುಂಬದಲ್ಲಿ ಅವನಿಗೆ ಬರಬೇಕಾದ ಪಾಲಿನಲ್ಲಿ ಹಕ್ಕಿದೆ ಎಂದು ಸುಪ್ರೀಂ ಕೋರ್ಟ್ 2023ರ ಸೆಪ್ಟೆಂಬರ್‌ನಲ್ಲಿ ಹೇಳಿತು. ಅದು ಕರ್ನಾಟಕದಿಂದಲೇ ಹೋದ ಪ್ರಕರಣ. ತಿಥಿಯ ದಿನ ಮನೆಯ ಮುಂದೆ ಬಂದು ನಿಲ್ಲುವ ಅಪರಿಚಿತ ಯುವಕನ ದೃಶ್ಯವನ್ನು ನಾವು ಎಷ್ಟೋ ಪುಸ್ತಕಗಳಲ್ಲಿ ಓದಿದ್ದೇವೆ. ಅಲ್ಲಿ ಅವನು ಕೇವಲ ಬೆದರಿಕೆ. ಅವನಿಗೂ ಒಂದು ಹಕ್ಕಿದೆ, ಅವನೂ ಅಪ್ಪನನ್ನು ಕಳೆದುಕೊಂಡು ಬಂದಿದ್ದಾನೆ ಎಂದು ತಿಳಿದು ಬರೆದರೆ ಆ ದೃಶ್ಯದ ಬಣ್ಣವೇ ಬದಲಾಗುತ್ತದೆ.

ಕೊನೆಯದಾಗಿ, ನಮ್ಮ ಮೂರು ಜಿಲ್ಲೆಗಳಿಗೆ ತೀರ ಹತ್ತಿರವಾದ, ಜನಪ್ರಿಯ ಕಾದಂಬರಿ ಬಹುಮಟ್ಟಿಗೆ ಕೆಟ್ಟದಾಗಿ ಬಳಸಿಕೊಂಡಿರುವ ವಿಷಯ. ದೇವದಾಸಿ ಪದ್ಧತಿಯನ್ನು ಕರ್ನಾಟಕ 1982ರ ಕಾಯ್ದೆಯಿಂದ ನಿಷೇಧಿಸಿತು. ಆ ತಾಯಂದಿರ ಮಕ್ಕಳು ಶಾಲೆಯ ಅರ್ಜಿಯಲ್ಲಿ ‘ತಂದೆಯ ಹೆಸರು’ ಎಂಬ ಖಾಲಿ ಜಾಗದ ಮುಂದೆ ಪೆನ್ನು ಹಿಡಿದು ಕೂತ ನೋವನ್ನು ರೋಚಕತೆಗೆಂದು ಮಾತ್ರ ಬರೆದವರಿದ್ದಾರೆ. ಅಂಥ ಪುಸ್ತಕಗಳಲ್ಲಿ ತಂದೆ ಯಾರೆಂಬುದು ಕೊನೆಯ ಅಧ್ಯಾಯದ ಬಾಂಬು, ಅದು ಸಿಡಿದ ಮೇಲೆ ಮಗಳ ಬದುಕಿನ ಮಾತೇ ಇಲ್ಲ. 2025ರ ಆಗಸ್ಟ್‌ನಲ್ಲಿ ರಾಜ್ಯದ ವಿಧಾನಮಂಡಲ ಒಪ್ಪಿದ ಹೊಸ ಮಸೂದೆ ಈ ಮಕ್ಕಳಿಗೆ ಎರಡು ದಾರಿ ಕೊಡುತ್ತದೆ. ಅರ್ಜಿಗಳಲ್ಲಿ ತಂದೆಯ ಹೆಸರು ಕಡ್ಡಾಯವಲ್ಲ, ಬೇಕೆಂದವರು ತಂದೆ ಯಾರೆಂದು ಗುರುತಿಸಿಕೊಡುವಂತೆ ಕೇಳಬಹುದು. ಇಷ್ಟು ಕಾಲ ಕಥೆಯ ಪ್ರಶ್ನೆ ‘ಅವನು ಯಾರು’ ಎಂಬುದಾಗಿತ್ತು. ಇನ್ನು ಮುಂದೆ ‘ಅವಳಿಗೆ ತಿಳಿಯಬೇಕೇ’ ಎಂಬ ಪ್ರಶ್ನೆಯನ್ನು ಕೇಳಬಹುದು. ಊರಿನಲ್ಲಿ ಮರ್ಯಾದಸ್ಥನಾಗಿ ಓಡಾಡುತ್ತಿರುವ ಒಬ್ಬ ಮನುಷ್ಯ ಆ ಉತ್ತರವನ್ನು ಕಾಯುತ್ತ ದಿನವೂ ಅವಳ ಮನೆಯ ಮುಂದೆ ಹಾದುಹೋಗುತ್ತಿರುತ್ತಾನೆ. ಬಾಯಿ ಬಿಡಬೇಕೋ ಬೇಡವೋ ಎಂದು ತೀರ್ಮಾನಿಸುವವಳು ಈ ಬಾರಿ ಮಗಳು. ಇಂಥ ಕಾದಂಬರಿಯನ್ನು ನಮ್ಮ ಜಿಲ್ಲೆಗಳಲ್ಲಿ ಯಾರಾದರೂ ಬರೆಯುತ್ತಿದ್ದರೆ, ಅಥವಾ ಬರೆದು ಪೆಟ್ಟಿಗೆಯಲ್ಲಿ ಇಟ್ಟಿದ್ದರೆ, ದಯವಿಟ್ಟು ನಮಗೆ ತಿಳಿಸಿ. ಮುಂದಿನ ವಿಡಿಯೋವನ್ನು ಅದರ ಓದಿಗೇ ಮೀಸಲಿಡುತ್ತೇವೆ.