ಅಮ್ಮನ ಕೈ ಮತ್ತೆ 20 ಗ್ರಾಂ ಅಕ್ಕಿ

ಇವತ್ತು ಅಡುಗೆಮನೇಲಿ ಅಡುಗೆ ಇಲ್ಲ ಕಣ್ರೀ, ಎರಡು ಸ್ಟೀಲ್ ಡಬ್ಬಿ, ಒಂದು ಕಿಚನ್ ಸ್ಕೇಲ್, ಒಂದಿಷ್ಟು ಅಕ್ಕಿ, ಆಮೇಲೆ ಕಣ್ಣಿಗೆ ದುಪಟ್ಟಾ ಕಟ್ಕೊಂಡು ಕೂತಿರೋ ನಮ್ಮಮ್ಮ. "ಬೇಗ ಮುಗ್ಸೇ, ಹಾಲು ಕಾಯಕ್ಕಿಟ್ಟಿದೀನಿ" ಅಂತಿದಾರೆ, ಕೇಳಿಸ್ತಾ?

ಒಂದೊಂದು ಡಬ್ಬಿನೂ ಅಕ್ಕಿ ಸೇರಿ 200 ಗ್ರಾಂ. ಒಂದಕ್ಕೆ 2 ಗ್ರಾಂ ಜಾಸ್ತಿ ಹಾಕ್ದೆ, ಅಮ್ಮ "ಎರಡೂ ಒಂದೇ" ಅಂದ್ರು, 20 ಗ್ರಾಂ ಹಾಕ್ದೆ, ತಕ್ಷಣ "ಇದು ಭಾರ" ಅಂದ್ರು. ಅದ್ರಲ್ಲೇನಿದೆ ಅಂತೀರಾ? ಅದೇ 20 ಗ್ರಾಂ ತಗೊಂಡೋಗಿ 5 ಕೆಜಿ ಅಕ್ಕಿ ಚೀಲಕ್ಕೆ ಸುರಿದ್ರೆ ಅಮ್ಮಂಗೆ ಸುತರಾಂ ಗೊತ್ತಾಗ್ಲಿಲ್ಲ!

ಜರ್ಮನಿಯ ಲೈಪ್‌ಜಿಗ್‌ನಲ್ಲಿದ್ದ ವಿಜ್ಞಾನಿ ಅರ್ನ್ಸ್ಟ್ ವೇಬರ್ 1834ರಲ್ಲೇ ಹೇಳಿದ್ದು ಇದನ್ನೇ. ಎಷ್ಟು ಗ್ರಾಂ ಸೇರ್ತು ಅನ್ನೋದಲ್ಲ, ಮೊದ್ಲೇ ಇದ್ದಿದ್ರಲ್ಲಿ ಅದು ಎಷ್ಟನೇ ಪಾಲು ಅನ್ನೋದೇ ಲೆಕ್ಕ. ಕೈಯಲ್ಲಿ ಎತ್ತಿ ನೋಡೋ ತೂಕಕ್ಕೆ ಸುಮಾರು 40ರಲ್ಲಿ 1 ಪಾಲು ಸೇರಿದ್ರೆ ಗೊತ್ತಾಗತ್ತೆ, ಅಂದ್ರೆ 200 ಗ್ರಾಂಗೆ 5 ಗ್ರಾಂ ಸಾಕು, 5 ಕೆಜಿಗೆ 125 ಗ್ರಾಂ ಬೇಕು.

ಆದ್ರೆ ನಾನು ಮಾಡಿದ ರೀತಿ ಇದ್ಯಲ್ಲ, ಅದು ಪೂರ್ತಿ ತಪ್ಪು. ನಾನು ಪ್ರತಿಸಲ ಬಲಗಡೆ ಡಬ್ಬಿಗೇ ಹಾಕ್ತಿದ್ದೆ, ಅಮ್ಮ ಅಕ್ಕಿ ಬೀಳೋ ಸದ್ದು ಕೇಳಿ ಹೇಳ್ಬಿಡ್ತಿದ್ರು, ಕಿಲಾಡಿ! ಅದೂ ಅಲ್ದೆ ಸ್ವಲ್ಪ ಸ್ವಲ್ಪ ಏರಿಸ್ತಾ ಹೋದ್ರೆ ಎದುರಿಗಿರೋರು 'ಇನ್ನೇನು ಈಗ ಭಾರ ಆಗತ್ತೆ' ಅಂತ ಕಾಯ್ತಾ ಇದ್ದು ಮುಂಚೇನೇ ಹೂಂ ಅಂದ್ಬಿಡ್ತಾರೆ. ಗುಸ್ಟಾವ್ ಫೆಕ್ನರ್ ಅಂತ ಇನ್ನೊಬ್ಬ ಲೈಪ್‌ಜಿಗ್ ಪುಣ್ಯಾತ್ಮ, ಬಣ್ಣದ ಗಾಜಲ್ಲಿ ಸೂರ್ಯನ್ನ ನೋಡಿ ನೋಡಿ ಕಣ್ಣು ಕೆಡಿಸ್ಕೊಂಡಿದ್ದವ್ರು, ಇಂಥ ಪ್ರಯೋಗ ಮಾಡೋ ವಿಧಾನಗಳನ್ನೆಲ್ಲ 1860ರ ಪುಸ್ತಕದಲ್ಲಿ ಅಚ್ಚುಕಟ್ಟಾಗಿ ಕೂರಿಸಿದ್ರು. ಅದ್ರಲ್ಲೊಂದು, ತೂಕಗಳನ್ನ ಕಲಸಿ, ಕ್ರಮ ಇಲ್ದೆ, ಒಂದೊಂದನ್ನೂ ಎಷ್ಟೋ ಸಲ ಕೊಡೋದು.

ಸರಿ, ಮೊದ್ಲೇ ಡಬ್ಬಿಗಳನ್ನ ತುಂಬಿಟ್ಕೊಂಡು ಎಡ ಬಲ ಬದಲಾಯಿಸ್ತಾ ಮತ್ತೆ ಶುರು ಮಾಡ್ದೆ. ಈಗ ನೋಡಿ ಮಜಾ, ಅದೇ 6 ಗ್ರಾಂಗೆ ಅಮ್ಮ ಒಂದ್ಸಲ ಸರಿ ಹೇಳ್ತಾರೆ, ಇನ್ನೊಂದ್ಸಲ ತಪ್ಪು. 'ಇಲ್ಲಿಂದ ಗೊತ್ತಾಗತ್ತೆ' ಅನ್ನೋ ಗೆರೆ ಇಲ್ವೇ ಇಲ್ಲ. ಸುಮ್ನೆ ಊಹಿಸಿದ್ರೂ ಅರ್ಧ ಸರಿಯಾಗತ್ತಲ್ಲ, ಅದಕ್ಕೇ 100ಕ್ಕೆ 75 ಸಲ ಸರಿ ಬರೋ ತೂಕಾನೇ ಮಿತಿ ಅಂತ ಇಟ್ಕೋತಾರೆ.

ಕೊನೇಗೆ ದುಪಟ್ಟಾ ಬಿಚ್ಚಿ, ಚಿಕ್ಕ ಕಾಫಿಪುಡಿ ಡಬ್ಬಿ, ದೊಡ್ಡ ಚಕ್ಲಿ ಡಬ್ಬ, ಎರಡೂ ಒಂದೇ ತೂಕ ಮಾಡಿ ಕೈಗಿಟ್ಟೆ. "ಚಿಕ್ಕದೇ ಭಾರ" ಅಂದ್ರು. ಸ್ಕೇಲ್ ಮೇಲೆ ಇಟ್ಟು ತೋರ್ಸಿದ್ರೆ "ನಿನ್ ಸ್ಕೇಲೇ ಸರಿಯಿಲ್ಲ" ಅಂತ ಹಾಲು ನೋಡಕ್ಕೆ ಎದ್ದೋದ್ರು. ನಾನೇ ತೂಕ ಮಾಡಿದ್ದು, ನಂಗೊತ್ತು ಎರಡೂ ಒಂದೇ ಅಂತ, ಆದ್ರೂ ಈಗ ಎತ್ತಿ ನೋಡ್ತಿದೀನಿ, ಚಿಕ್ಕದೇ ಭಾರ ಅನ್ಸ್ತಿದೆ ಕಣ್ರೀ.