ಸಂಶಯದ ತೋಟಾ ಮತ್ತು ಅದನ್ನು ಬಿಚ್ಚುವ ಸಲಕರಣೆ

ಕೇಳುಗರಿಗೆ ನಮಸ್ಕಾರ.

ಬುಲೆಟ್ ಪುಲ್ಲರ್ ಎಂಬ ಒಂದು ಸಣ್ಣ ಸಲಕರಣೆಯ ಬಗ್ಗೆ ಇಂದು ಮಾತನಾಡುತ್ತೇನೆ. ತೋಟಾ ಎಂದರೆ ಹಿತ್ತಾಳೆಯ ಕೋಶ, ಅದರೊಳಗೆ ಮದ್ದು, ಬಾಯಲ್ಲಿ ಗುಂಡು. ತುಂಬಿ ಮುಗಿಸಿದ ತೋಟಾದಿಂದ ಗುಂಡನ್ನು ಕಿತ್ತು, ಒಳಗಿನ ಮದ್ದನ್ನು ಹೊರಗೆ ತೆಗೆಯುವುದು ಅದರ ಕೆಲಸ. ಅಷ್ಟಕ್ಕೇ ಒಂದು ಭಾಷಣ ಬೇಕೇ ಎಂದು ಕೇಳಿದರೆ, ಖಂಡಿತ ಬೇಕು ಎನ್ನುತ್ತೇನೆ. ತೋಟಾ ತುಂಬುವುದನ್ನು ಹೇಳಿಕೊಡುವವರು ಬೇಕಾದಷ್ಟು ಮಂದಿ ಇದ್ದಾರೆ. ತಪ್ಪಾಗಿ ತುಂಬಿದ್ದನ್ನು ಬಿಚ್ಚುವುದು ಹೇಗೆ ಎಂದು ಕೂರಿಸಿಕೊಂಡು ಹೇಳಿಕೊಡುವವರು ವಿರಳ. ಅಪಾಯ ಅಡಗಿರುವುದು ಆ ಎರಡನೆಯ ಪಾಠದಲ್ಲಿ.

ಪುಣೆಯಲ್ಲಿ ನೆಲೆಸಿದ ನಮಗೆ ತೋಟಾ ಎಂಬುದು ದೂರದ ವಸ್ತುವಲ್ಲ. ಖಡ್ಕಿಯ ಮದ್ದುಗುಂಡು ಕಾರ್ಖಾನೆ 1869ರಲ್ಲಿ ಆರಂಭವಾಯಿತು. ಅಲ್ಲಿ ದುಡಿದು ನಿವೃತ್ತರಾದ ಕನ್ನಡ ಹಿರಿಯರನ್ನು ನಾನು ಬಲ್ಲೆ. ಪಾಷಾಣ ಬಡಾವಣೆಯಲ್ಲಿರುವ ರಕ್ಷಣಾ ಸಂಶೋಧನಾ ಪ್ರಯೋಗಾಲಯದಲ್ಲಿ ನಮ್ಮ ಸೇನೆಯ ಇನ್ಸಾಸ್ ರೈಫಲ್ ರೂಪುಗೊಂಡಿತು. ಬಾಲೇವಾಡಿಯ ಕ್ರೀಡಾಸಂಕೀರ್ಣದ ಶೂಟಿಂಗ್ ರೇಂಜಿನಲ್ಲಿ ನಮ್ಮ ಮಕ್ಕಳು ಗುರಿ ಹಿಡಿಯುವುದನ್ನು ಕಲಿಯುತ್ತಿದ್ದಾರೆ. ಹೀಗಿರುವಾಗ ತೋಟಾದ ಒಳಗಿನ ವ್ಯವಹಾರ ತಿಳಿದಿರುವುದು ನಮಗೆ ಒಳ್ಳೆಯದೇ.

ಮುಂದಕ್ಕೆ ಹೋಗುವ ಮೊದಲು ಕಾನೂನಿನ ಮಾತು. ನಮ್ಮ ದೇಶದಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಮದ್ದುಗುಂಡು ತಯಾರಿಸಲು ಪರವಾನಗಿ ಬೇಕು. ಬಂದೂಕು ಇಟ್ಟುಕೊಳ್ಳುವ ಪರವಾನಗಿ ಬೇರೆ, ತೋಟಾ ತಯಾರಿಸುವ ಪರವಾನಗಿ ಬೇರೆ. ಕೋಥ್ರೂಡಿನ ಫ್ಲ್ಯಾಟಿನ ಬಾಲ್ಕನಿಯಲ್ಲಿ ಕುಳಿತು ಯಾರೂ ಖಾಲಿ ಕೋಶಗಳಿಗೆ ಮತ್ತೆ ಮದ್ದು ತುಂಬುವಂತಿಲ್ಲ. ಕೊಡಗಿನ ಕೇಳುಗರಿಗೂ ಒಂದು ಮಾತು: ಕೊಡವರಿಗೂ ಜಮ್ಮಾ ಎಂಬ ವಂಶಪಾರಂಪರ್ಯ ಭೂಮಿಯ ಹಿಡುವಳಿದಾರರಿಗೂ ಇರುವ ವಿನಾಯಿತಿ ಬಂದೂಕು ಹೊಂದುವುದಕ್ಕೆ ಸಂಬಂಧಿಸಿದ್ದು. ಅದು ತೋಟಾ ತಯಾರಿಸಲು ಕೊಟ್ಟ ಅಪ್ಪಣೆಯಲ್ಲ. ಮನೆಯಲ್ಲೇ ತೋಟಾ ತುಂಬುವ ಹವ್ಯಾಸ ಕಾನೂನುಬದ್ಧವಾಗಿ ದೊಡ್ಡದಾಗಿ ಬೆಳೆದಿರುವುದು ಅಮೆರಿಕದಂಥ ದೇಶಗಳಲ್ಲಿ. ನಮ್ಮ ಎಷ್ಟೋ ಮನೆಗಳ ಮಕ್ಕಳು ಈಗ ಇರುವುದೂ ಅಲ್ಲೇ. ನನ್ನ ತಂಗಿಯ ಮಗನೂ ಟೆಕ್ಸಾಸಿನಲ್ಲಿದ್ದಾನೆ. ಈ ಭಾಷಣಕ್ಕೆ ಕಾರಣವಾದದ್ದು ಅವನು ಫೋನಿನಲ್ಲಿ ಕೇಳಿದ ಪ್ರಶ್ನೆ.

ಅವನು ತನ್ನ ಪಿಸ್ತೂಲಿಗಾಗಿ ಒಂದು ಪೆಟ್ಟಿಗೆಯಷ್ಟು ಕೋಶಗಳಿಗೆ ಮದ್ದು ತುಂಬಿ ತೋಟಾ ಮಾಡಿದ್ದ. ಎಲ್ಲ ಮುಗಿಸಿ ಮೇಜು ಒರೆಸುವಾಗ, ನಡುವೆ ಫೋನ್ ಬಂದು ಎದ್ದುಹೋಗಿದ್ದು ನೆನಪಾಯಿತಂತೆ. ವಾಪಸು ಬಂದ ಮೇಲೆ ಎಲ್ಲಿಂದ ಮುಂದುವರಿಸಿದೆ ಎಂಬುದು ನೆನಪಾಗಲಿಲ್ಲ. ಒಂದು ಕೋಶಕ್ಕೆ ಎರಡು ಸಲ ಮದ್ದು ಬಿದ್ದಿರಬಹುದು, ಇನ್ನೊಂದಕ್ಕೆ ಬೀಳದೆಯೇ ಇರಬಹುದು. "ಮಾವ, ಎಲ್ಲವನ್ನೂ ಬಿಚ್ಚಲೇಬೇಕೇ? ಒಂದೊಂದನ್ನೂ ತೂಕ ಮಾಡಿ ತಪ್ಪಾದದ್ದನ್ನು ಮಾತ್ರ ಹುಡುಕಬಾರದೇ?" ಎಂದು ಕೇಳಿದ.

ಜಾಣತನದ ಪ್ರಶ್ನೆ. ಆದರೆ ಅದಕ್ಕೆ ನನ್ನ ಉತ್ತರ, ತೂಕವನ್ನು ನಂಬಬೇಡ ಎಂಬುದು. ಕಾರಣ ಹೇಳುತ್ತೇನೆ. ಈ ಕೆಲಸದಲ್ಲಿ ತೂಕವನ್ನು ಅಳೆಯುವುದು ಗ್ರೇನ್ ಲೆಕ್ಕದಲ್ಲಿ. ಒಂದು ಗ್ರೇನ್ ಎಂದರೆ ಸುಮಾರು 65 ಮಿಲಿಗ್ರಾಂ. 9 ಮಿಲಿಮೀಟರ್ ಪಿಸ್ತೂಲಿನ ಸಾಮಾನ್ಯ ಗುಂಡು 115 ಅಥವಾ 124 ಗ್ರೇನ್ ತೂಗುತ್ತದೆ. ಅದನ್ನು ಹಾರಿಸುವ ಮದ್ದು ಕೇವಲ ನಾಲ್ಕಾರು ಗ್ರೇನ್. ಬೇರೆಬೇರೆ ಕಂಪನಿಗಳ ಹಿತ್ತಾಳೆ ಕೋಶಗಳ ತೂಕದಲ್ಲೇ ಅಷ್ಟು ವ್ಯತ್ಯಾಸ ಇರಬಹುದು, ಗುಂಡುಗಳ ತೂಕವೂ ಕೊಂಚ ಹೆಚ್ಚುಕಡಿಮೆಯಾಗುತ್ತದೆ. ಭಾರದ ಕೋಶವೊಂದಕ್ಕೆ ಮದ್ದೇ ಬಿದ್ದಿಲ್ಲದಿದ್ದರೂ, ಹಗುರ ಕೋಶದಲ್ಲಿ ಸರಿಯಾಗಿ ತುಂಬಿದ ತೋಟಾದಷ್ಟೇ ಅದು ತೂಗಬಹುದು. ಹೆಚ್ಚು ಮದ್ದು ಹಿಡಿಯುವ ದೊಡ್ಡ ರೈಫಲ್ ತೋಟಾಗಳಲ್ಲಿ ತಕ್ಕಡಿ ಸ್ವಲ್ಪ ಸುಳಿವು ಕೊಟ್ಟೀತು. ಪಿಸ್ತೂಲಿನ ತೋಟಾದಲ್ಲಿ ಅದರ ಮಾತಿಗೆ ಬೆಲೆಯಿಲ್ಲ.

ತಪ್ಪಾದ ತೋಟಾ ಹಾರಿಸಿದರೆ ಏನಾಗುತ್ತದೆ ಎಂಬುದನ್ನೂ ಬಿಡಿಸಿ ಹೇಳಬೇಕು. ಮದ್ದು ಇಮ್ಮಡಿಯಾದರೆ ಒತ್ತಡ ಮಿತಿ ಮೀರಿ ಬಂದೂಕು ಕೈಯಲ್ಲೇ ಸಿಡಿಯಬಹುದು. ಮದ್ದೇ ಇಲ್ಲದಿದ್ದರೆ ಅಪಾಯ ಇನ್ನೂ ಮೋಸದ್ದು. ತೋಟಾದ ತಳದಲ್ಲಿರುವ, ಮದ್ದನ್ನು ಹೊತ್ತಿಸುವ ಪ್ರೈಮರ್ ಒಂದೇ ಉರಿದು, ಅದರ ಬಲಕ್ಕೆ ಗುಂಡು ನಳಿಗೆಯೊಳಗೆ ಸ್ವಲ್ಪ ದೂರ ಹೋಗಿ ಸಿಕ್ಕಿಕೊಳ್ಳುತ್ತದೆ. ಸದ್ದು ಸಣ್ಣದು. ತೋಟಾ ಹಾರಲಿಲ್ಲವೆಂದುಕೊಂಡು ಮುಂದಿನದನ್ನು ಹಾರಿಸಿದರೆ, ಆ ಗುಂಡು ಹಿಂದಿನಿಂದ ಬಂದು ಸಿಕ್ಕಿಕೊಂಡಿದ್ದಕ್ಕೆ ಬಡಿದು ನಳಿಗೆ ಒಡೆಯಬಹುದು. ಒಂದು ಪೆಟ್ಟಿಗೆ ತೋಟಾ ಬಿಚ್ಚುವ ಬೇಸರವನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಎಲ್ಲವನ್ನೂ ಬಿಚ್ಚು ಎಂದೆ. ಬಿಚ್ಚಿದ.

ಇನ್ನು ಸಲಕರಣೆಯ ಆಯ್ಕೆ. ಮುಖ್ಯವಾಗಿ ಎರಡು ಬಗೆ ಇವೆ: ಸುತ್ತಿಗೆಯ ಬಗೆ, ಮತ್ತು ತೋಟಾ ತುಂಬುವ ಕೈಯಂತ್ರವಾದ ಪ್ರೆಸ್ಸಿಗೆ ತಿರುಗಿಸಿ ಕೂರಿಸುವ ಕಾಲೆಟ್ ಬಗೆ. ಕಾಲೆಟ್ ಎಂದರೆ ಗುಂಡನ್ನು ಸುತ್ತಲೂ ಬಿಗಿಹಿಡಿಯುವ ಸೀಳುಕೊಳವೆ.

ಸುತ್ತಿಗೆಯ ಪುಲ್ಲರ್ ನೋಡಲು ಪ್ಲಾಸ್ಟಿಕ್ ತಲೆಯ ಸುತ್ತಿಗೆಯಂತೆಯೇ ಇರುತ್ತದೆ. ತಲೆ ಟೊಳ್ಳು. ಮೇಲಿನ ಮುಚ್ಚಳ ಬಿಚ್ಚಿ, ತೋಟಾವನ್ನು ಗುಂಡು ಕೆಳಮುಖವಾಗಿರುವಂತೆ ಒಳಗಿಟ್ಟು, ಅದರ ಹಿಂಬದಿಯ ಅಂಚನ್ನು ಮೂರು ಚೂರುಗಳ ಹಿಡಿಕೆಯಲ್ಲಿ ಸಿಕ್ಕಿಸಿ, ಮುಚ್ಚಳ ಬಿಗಿಯಬೇಕು. ಬಳಿಕ ಸುತ್ತಿಗೆಯನ್ನು ಗಟ್ಟಿ ನೆಲೆಯ ಮೇಲೆ ಬಡಿಯಬೇಕು. ಸ್ವಾರಗೇಟಿನಿಂದ ಹೊರಟ ಬಸ್ಸು ಹಠಾತ್ತನೆ ಬ್ರೇಕ್ ಹಾಕಿದಾಗ ನಿಂತ ಪ್ರಯಾಣಿಕರು ಮುಂದಕ್ಕೆ ವಾಲುವುದನ್ನು ನೆನೆಸಿಕೊಳ್ಳಿ. ಸುತ್ತಿಗೆ ಗಕ್ಕನೆ ನಿಲ್ಲುತ್ತದೆ, ಅಂಚಿನಲ್ಲಿ ಸಿಕ್ಕಿಕೊಂಡ ಹಿತ್ತಾಳೆ ಕೋಶವೂ ನಿಲ್ಲುತ್ತದೆ, ಗುಂಡು ಮಾತ್ರ ತನ್ನ ಜಡತ್ವದಿಂದ ಮುಂದಕ್ಕೆ ಜಾರುತ್ತದೆ. ಕೆಲವು ಏಟುಗಳಾದ ಮೇಲೆ ಗುಂಡೂ ಮದ್ದೂ ಟೊಳ್ಳಿನ ತಳಕ್ಕೆ ಬೀಳುತ್ತವೆ. ಗುಂಡು ಭಾರವಿದ್ದಷ್ಟೂ ಬೇಗ ಬರುತ್ತದೆ. 5.56 ಮಿಲಿಮೀಟರ್ ಬಗೆಯ 55 ಗ್ರೇನಿನ ಹಗುರ ಗುಂಡು ಸತಾಯಿಸುತ್ತದೆ. 150 ಗ್ರೇನಿನ ರೈಫಲ್ ಗುಂಡು ಸುಲಭವಾಗಿ ಇಳಿಯುತ್ತದೆ.

ಏನಕ್ಕೆ ಬಡಿಯಬೇಕು ಎಂಬುದರಲ್ಲಿ ಹಲವರು ಎಡವುತ್ತಾರೆ. ಮೆತ್ತಗಿನ ಮೇಜಿನ ಮೇಲೆ ಬಡಿದರೆ ಏಟಿನ ಬಲವೆಲ್ಲ ಮೇಜಿಗೆ ಹೋಗುತ್ತದೆ. ಕಾಂಕ್ರೀಟಿನ ಮೇಲೆ ಬಡಿದರೆ ಪ್ಲಾಸ್ಟಿಕ್ ತಲೆ ಬಿರುಕು ಬಿಡುತ್ತದೆ. ಗಟ್ಟಿ ಮರದ ದಿಮ್ಮಿಯನ್ನು ಅಡ್ಡ ಕೊಯ್ದ ಮುಖವೇ ಇದಕ್ಕೆ ಒಳ್ಳೆಯದು. ಏಟು ಮಧ್ಯಮ ಬಲದ್ದು, ನೇರವಾದದ್ದು ಆಗಿರಲಿ. ಸುತ್ತಿಗೆಯನ್ನು ತಲೆಯ ಮೇಲೆತ್ತಿ ಅಪ್ಪಳಿಸುವ ಅಗತ್ಯವಿಲ್ಲ. ಟೊಳ್ಳಿನ ತಳದಲ್ಲಿ ಸ್ಪಂಜಿನ ಚೂರೊಂದನ್ನು ಇಟ್ಟರೆ ಗುಂಡಿನ ಮೂತಿ ಜಜ್ಜುವುದಿಲ್ಲ. ಕಿವಿಗೆ ಹಾಕಿಕೊಳ್ಳುವ ಮೃದು ಬಿರಡೆ ಇದಕ್ಕೆ ಸರಿಯಾಗಿ ಒಗ್ಗುತ್ತದೆ.

ಹಿಡಿಕೆಯ ಚೂರುಗಳನ್ನು ಒಟ್ಟಿಗೆ ಇರಿಸುವ ರಬ್ಬರ್ ಬಳೆ ಹಳತಾದರೆ ಬದಲಾಯಿಸಿ. ಚೂರುಗಳ ಬದಲು, ಪ್ರೆಸ್ಸಿನಲ್ಲಿ ಕೋಶದ ಅಂಚನ್ನು ಹಿಡಿಯುವ ಶೆಲ್ ಹೋಲ್ಡರನ್ನೇ ಅಲ್ಲಿ ಕೂರಿಸುವ ಅಭ್ಯಾಸ ಕೆಲವರಿಗಿದೆ. ಬೇಗ ಆಗುತ್ತದೆ ಎಂಬುದು ಅವರ ವಾದ. ನನಗೆ ಅದು ಒಪ್ಪಿಗೆಯಿಲ್ಲ. ತಯಾರಕರು ಕೊಟ್ಟ ಹಿಡಿಕೆಯನ್ನು ಬಿಟ್ಟು ಬೇರೆ ಲೋಹವನ್ನು ಇನ್ನೂ ಸಿಡಿಯದ ಜೀವಂತ ಪ್ರೈಮರಿನ ಪಕ್ಕದಲ್ಲಿಟ್ಟು ಬಡಿಯುವುದರಿಂದ ಉಳಿಯುವುದು ಕೆಲವು ಕ್ಷಣ ಮಾತ್ರ. ಕಣ್ಣಿಗೆ ರಕ್ಷಣೆಯ ಕನ್ನಡಕ ಇರಲೇಬೇಕು. ಹತ್ತಿರದಲ್ಲಿ ಬೀಡಿ, ಊದುಬತ್ತಿ, ದೀಪ ಯಾವುದೂ ಇರಬಾರದು.

ಎರಡನೆಯ ಬಗೆ ಕಾಲೆಟ್ ಪುಲ್ಲರ್. ಇದು ಪ್ರೆಸ್ಸಿನ ಮೇಲ್ಭಾಗದಲ್ಲಿ, ಡೈ ಎಂಬ ಅಚ್ಚು ಕೂರುವ ಅದೇ ತಿರುಪಿನ ಎಳೆಗಳಿಗೆ ಕೂರುತ್ತದೆ. ಸಾಮಾನ್ಯ ಪ್ರೆಸ್ಸುಗಳಲ್ಲಿ ಆ ಎಳೆಯ ಅಳತೆ ಒಂದೇ, 7/8 ಇಂಚು ವ್ಯಾಸ, ಇಂಚಿಗೆ 14 ಎಳೆ. ಹಾಗಾಗಿ ಒಂದು ಕಂಪನಿಯ ಪುಲ್ಲರ್ ಇನ್ನೊಂದು ಕಂಪನಿಯ ಪ್ರೆಸ್ಸಿಗೂ ಹೊಂದುತ್ತದೆ. ಗುಂಡಿನ ವ್ಯಾಸಕ್ಕೆ ತಕ್ಕ ಕಾಲೆಟನ್ನು ಬೇರೆಯಾಗಿ ಕೊಳ್ಳಬೇಕು. ಪ್ರೆಸ್ಸಿನ ಹಿಡಿಯನ್ನು ಒತ್ತಿ ತೋಟಾವನ್ನು ಮೇಲಕ್ಕೆತ್ತಿ, ಗುಂಡು ಕಾಲೆಟಿನೊಳಗೆ ಹೊಕ್ಕ ಮೇಲೆ ಬಿಗಿದು, ಹಿಡಿಯನ್ನು ಹಿಂದಕ್ಕೆ ತಂದರೆ ಕೋಶ ಕೆಳಗಿಳಿಯುತ್ತದೆ, ಗುಂಡು ಮೇಲೆಯೇ ಉಳಿಯುತ್ತದೆ. ಮದ್ದು ಕೋಶದೊಳಗೇ ಇರುತ್ತದೆ, ಚೆಲ್ಲುವುದಿಲ್ಲ. ಸದ್ದಿಲ್ಲ, ಅಕ್ಕಪಕ್ಕದ ಮನೆಯವರ ದೂರಿಲ್ಲ. ರೈಫಲ್ ತೋಟಾಗಳು ಬಹಳ ಇದ್ದರೆ ನನ್ನ ಆಯ್ಕೆ ಇದೇ. ಗುಂಡಿನ ನೇರ ಬದಿಯ ಭಾಗವನ್ನೇ ಕಾಲೆಟ್ ಹಿಡಿಯಬೇಕು. ಮೂತಿಯ ಇಳಿಜಾರಿನ ಭಾಗಕ್ಕೆ ಹಿಡಿದರೆ ಜಾರುತ್ತದೆ, ಅತಿಯಾಗಿ ಬಿಗಿದರೆ ಗುಂಡಿನ ಮೇಲೆ ಗೀರು ಬೀಳುತ್ತದೆ.

ಇದರ ಮಿತಿಯೂ ಅಲ್ಲೇ ಇದೆ. ಹಿಡಿಯಲು ಗುಂಡು ಕೋಶದಿಂದ ಹೊರಗೆ ಚಾಚಿರಬೇಕು. 25 ಮೀಟರ್ ಸೆಂಟರ್ ಫೈರ್ ಪಿಸ್ತೂಲ್ ಸ್ಪರ್ಧೆಯಲ್ಲಿ ಬಳಸುವ .32 ವಾಡ್‌ಕಟರ್ ತೋಟಾ ನೋಡಿದ್ದೀರಾ? ಕಾಗದದ ಗುರಿಯಲ್ಲಿ ಅಂಚು ಚೊಕ್ಕಟವಾದ ರಂಧ್ರ ಬೀಳಲಿ ಎಂದು ಆ ಗುಂಡಿನ ಮೂತಿ ಚಪ್ಪಟೆಯಾಗಿರುತ್ತದೆ, ಕೋಶದ ಬಾಯಿಯ ಮಟ್ಟಕ್ಕೇ ಕೂತಿರುತ್ತದೆ. ಕಾಲೆಟಿಗೆ ಅಲ್ಲಿ ಹಿಡಿಯಲು ಏನೂ ಸಿಗುವುದಿಲ್ಲ. ಸುತ್ತಿಗೆಯೇ ಗತಿ. ಗಿಡ್ಡ, ಗುಂಡುಮೂತಿಯ ಸೀಸದ ಪಿಸ್ತೂಲು ಗುಂಡುಗಳ ಪಾಡೂ ಬಹುಮಟ್ಟಿಗೆ ಇದೇ. ಆದ್ದರಿಂದ ಒಂದನ್ನೇ ಕೊಳ್ಳಲು ಸಾಧ್ಯವಾದರೆ ಸುತ್ತಿಗೆಯನ್ನು ಕೊಳ್ಳಿ ಎಂಬುದು ನನ್ನ ಸಲಹೆ. ಅದು ನಿಧಾನ, ಗದ್ದಲದ್ದು, ಆದರೆ ಹೆಚ್ಚು ಬಗೆಯ ತೋಟಾಗಳಿಗೆ ಆಗಿಬರುತ್ತದೆ.

ಕೆಲವು ತೋಟಾಗಳಲ್ಲಿ ಗುಂಡು ಹಟ ಹಿಡಿಯುತ್ತದೆ. ಬಹುಕಾಲ ಇಟ್ಟ ತೋಟಾದಲ್ಲಿ ಗುಂಡಿನ ಹೊದಿಕೆಯೂ ಕೋಶದ ಕತ್ತೂ ಒಂದಕ್ಕೊಂದು ಅಂಟಿರುತ್ತವೆ. ಸೇನೆಯ ತೋಟಾಗಳಲ್ಲಿ ನೀರು ಹೋಗದಂತೆ ಅಂಟು ಬಳಿದಿರುತ್ತಾರೆ. ಆಗ ಬಲ ಹೆಚ್ಚಿಸುವ ಮೊದಲು, ಗುಂಡು ಕೂರಿಸುವ ಡೈಯಿಂದ ಅದನ್ನು ಕೂದಲೆಳೆಯಷ್ಟು ಒಳಕ್ಕೆ ತಳ್ಳಬೇಕು. ಹಿಡಿತ ಬಿಡುತ್ತದೆ, ಆಮೇಲೆ ಮೃದುವಾಗಿ ಬರುತ್ತದೆ.

ಇನ್ನು ಯಾವುದಕ್ಕೆ ಈ ಸಲಕರಣೆಯನ್ನು ಮುಟ್ಟಿಸಲೇಬಾರದು ಎಂಬುದು. 2024ರ ಪ್ಯಾರಿಸ್ ಒಲಿಂಪಿಕ್ಸಿನ 50 ಮೀಟರ್ ರೈಫಲ್ ತ್ರೀ ಪೊಸಿಷನ್‌ನಲ್ಲಿ ಕೊಲ್ಹಾಪುರದ ಸ್ವಪ್ನಿಲ್ ಕುಸಾಳೆ ಕಂಚಿನ ಪದಕ ಗೆದ್ದಾಗ ಪುಣೆಯೂ ಸಂಭ್ರಮಿಸಿತು. ಆ ಸ್ಪರ್ಧೆಯಲ್ಲಿ ಬಳಸುವುದು .22 ರಿಮ್‌ಫೈರ್ ತೋಟಾ. ಅದಕ್ಕೆ ಪ್ರತ್ಯೇಕ ಪ್ರೈಮರ್ ಇಲ್ಲ. ಹೊತ್ತಿಸುವ ರಾಸಾಯನಿಕ ತಳದ ಅಂಚಿನ ಮಡಿಕೆಯೊಳಗೆ ಸುತ್ತಲೂ ಹರಡಿರುತ್ತದೆ. ಸುತ್ತಿಗೆಯ ಪುಲ್ಲರ್ ತೋಟಾವನ್ನು ಹಿಡಿಯುವುದೂ ಅದೇ ಅಂಚಿನಲ್ಲಿ. ಅಲ್ಲಿಗೆ ಏಟು ಬಿದ್ದರೆ ತೋಟಾ ಸುತ್ತಿಗೆಯೊಳಗೇ ಸಿಡಿಯಬಹುದು. ಆದ್ದರಿಂದ .22 ತೋಟಾವನ್ನು ಪುಲ್ಲರಿಗೆ ಎಂದೂ ಹಾಕಬೇಡಿ. ಬೆಳಕು ಬಿಡುವ ಟ್ರೇಸರ್, ಬೆಂಕಿ ಹಚ್ಚುವ ಅಥವಾ ಸ್ಫೋಟಿಸುವ ಸೈನಿಕ ಗುಂಡುಗಳಿಗೂ ಇದೇ ಮಾತು.

ಬಿಚ್ಚಿದ ಮೇಲೆ ಉಳಿಯುವುದು ಮೂರು ವಸ್ತುಗಳು. ಗುಂಡು ಗೀರಿಲ್ಲದೆ, ಜಜ್ಜದೆ ಇದ್ದರೆ ಅಭ್ಯಾಸಕ್ಕೆ ಮತ್ತೆ ಬಳಸಬಹುದು. ಪ್ರೈಮರ್ ಕೂತಿರುವ ಕೋಶವನ್ನು ಇಕ್ಕಳದಿಂದ ಹಿಂಡಬೇಡಿ, ಮೊಳೆ ಹಾಕಿ ಪ್ರೈಮರನ್ನು ಹೊರಗೆ ಹೊಡೆಯಬೇಡಿ. ಅದು ಇನ್ನೂ ಜೀವಂತ. ಮದ್ದಿನ ವಿಷಯದಲ್ಲಿ ನಾನು ಬಹಳ ಕಟ್ಟುನಿಟ್ಟು. ಯಾವ ಡಬ್ಬಿಯಿಂದ ಬಂದದ್ದು ಎಂದು ಖಚಿತವಿಲ್ಲದ ಮದ್ದನ್ನು ಯಾವ ಡಬ್ಬಿಗೂ ವಾಪಸು ಸುರಿಯಬಾರದು. ನೋಡಲು ಒಂದೇ ತರಹದ ಕಾಳುಗಳ ಎರಡು ಮದ್ದುಗಳು ಉರಿಯುವ ವೇಗದಲ್ಲಿ ತೀರ ಭಿನ್ನವಾಗಿರಬಹುದು. ಒಂದು ಮುಷ್ಟಿ ಉಳಿಸಲು ಹೋಗಿ ಇಡೀ ಡಬ್ಬಿಯನ್ನೇ ಸಂಶಯಕ್ಕೆ ತಳ್ಳಿದಂತಾಗುತ್ತದೆ. ನನ್ನ ಅಳಿಯನಿಗೆ ಅದನ್ನು ಅವನ ಊರಿನ ನಿಯಮದಂತೆ ವಿಲೇವಾರಿ ಮಾಡಲು ಹೇಳಿದೆ. ತೋಟಾ ತುಂಬುವ ಮೇಜಿನ ಮೇಲೆ ಒಂದು ಸಲಕ್ಕೆ ಒಂದೇ ಡಬ್ಬಿ ಇರಲಿ, ಫೋನ್ ಪಕ್ಕದ ಕೋಣೆಯಲ್ಲಿರಲಿ ಎಂದೂ ಹೇಳಿದೆ.

ಇಲ್ಲಿರುವ ಕೇಳುಗರಿಗೆ ಬೇರೊಂದು ಸಂದರ್ಭ ಬರಬಹುದು. ಊರಿನ ಹಳೆಯ ಮನೆ ಖಾಲಿ ಮಾಡುವಾಗ ಅಜ್ಜನ ಪೆಟ್ಟಿಗೆಯಲ್ಲಿ ಹಸಿರುಗಟ್ಟಿದ ತೋಟಾಗಳು ಸಿಗುತ್ತವೆ. ಅವುಗಳನ್ನು ಬಿಚ್ಚಲು ಹೋಗಬೇಡಿ, ಬಡಿಯಬೇಡಿ, ಬೆಂಕಿಗೆ ಹಾಕಬೇಡಿ, ಬಾವಿಗೆ ಎಸೆಯಬೇಡಿ, ಬ್ಯಾಗಿನಲ್ಲಿಟ್ಟುಕೊಂಡು ರೈಲು ಹತ್ತಬೇಡಿ. ಇದ್ದಲ್ಲೇ ಬಿಟ್ಟು, ಮಕ್ಕಳನ್ನು ದೂರವಿರಿಸಿ, ಆ ಊರಿನ ಪೊಲೀಸ್ ಠಾಣೆಗೆ ತಿಳಿಸಿ. ತೋಟಾಗಳ ಜೊತೆಗೆ ಅಜ್ಜನ ಪರವಾನಗಿ ಪುಸ್ತಕವೂ ಸಿಕ್ಕರೆ ಅದನ್ನು ತೆಗೆದಿಟ್ಟುಕೊಳ್ಳಿ. ಪೊಲೀಸರು ಮೊದಲು ಕೇಳುವುದು ಅದನ್ನೇ.

ನಮಸ್ಕಾರ.