ಬಿತ್ತುವ ಮೊದಲೇ ಕೂಗಿದ ಬೆಲೆ

ಶ್ರೋತೃಗಳೇ, ನಮಸ್ಕಾರ.

ಗುರುವಾರ ಬೆಳಿಗ್ಗೆ ನಮ್ಮ ಯಾವುದಾದರೂ ಹಳ್ಳಿಯ ಉಪಕೇಂದ್ರಕ್ಕೆ ಹೋಗಿ ನೋಡಿ. ಬಾಣಂತಿಯರು ತಾಯಿ ಕಾರ್ಡ್ ಹಿಡಿದು ಕುಳಿತಿರುತ್ತಾರೆ. ಆರೋಗ್ಯ ಸಹಾಯಕಿ ಲಸಿಕೆ ಪೆಟ್ಟಿಗೆಯಿಂದ ಪುಟ್ಟ ಸೀಸೆಯೊಂದನ್ನು ತೆಗೆದು, ಚುಚ್ಚುವ ಮೊದಲು ಅದರ ಮೇಲಿನ ಗುರುತನ್ನು ನೋಡುತ್ತಾರೆ. ಒಂದು ವೃತ್ತ, ಅದರೊಳಗೊಂದು ಚೌಕ. ಚೌಕದ ಬಣ್ಣ ವೃತ್ತಕ್ಕಿಂತ ತಿಳಿಯಾಗಿದ್ದರೆ ಲಸಿಕೆ ಬಿಸಿಗೆ ಕೆಟ್ಟಿಲ್ಲ ಎಂದು ಲೆಕ್ಕ. ಒಂದೂವರೆ ತಿಂಗಳ ಕೂಸಿಗೆ ಎಡತೊಡೆಗೊಂದು, ಬಲತೊಡೆಗೊಂದು ಚುಚ್ಚುಮದ್ದು. ಎರಡೂ ಕಡೆ ಒಂದೇ ದಿನ ಏಕೆ ಎಂದು ಅಜ್ಜಿ ಗೊಣಗದಿದ್ದರೆ ಆ ದಿನ ಪೂರ್ತಿಯಾಗುವುದಿಲ್ಲ.

ಆ ಬಲತೊಡೆಯ ಚುಚ್ಚುಮದ್ದಿನ ಹೆಸರು ಪಿಸಿವಿ. ನ್ಯುಮೋಕಾಕಸ್ ಎಂಬ ರೋಗಾಣುವಿನಿಂದ ಬರುವ ನ್ಯುಮೋನಿಯಾ ಮತ್ತು ಮಿದುಳುಪೊರೆಯ ಉರಿಯೂತವನ್ನು ತಡೆಯುವುದು ಅದರ ಕೆಲಸ. ಅಮೆರಿಕದಲ್ಲಿ ಈ ಲಸಿಕೆಗೆ ಪರವಾನಗಿ ಸಿಕ್ಕಿದ್ದು 2000ದಲ್ಲಿ. ನಮ್ಮ ದೇಶದ ಎಲ್ಲ ರಾಜ್ಯಗಳ ಮಕ್ಕಳಿಗೆ ಸರ್ಕಾರದ ಕಾರ್ಯಕ್ರಮದಲ್ಲಿ ಅದು ದೊರೆತದ್ದು 2021ರಲ್ಲಿ. ನಡುವಿನ ಈ ಇಪ್ಪತ್ತೊಂದು ವರ್ಷಗಳ ಕಥೆಯಲ್ಲಿ ವೈದ್ಯರಿಗಿಂತ ಅರ್ಥಶಾಸ್ತ್ರಜ್ಞರ ಪಾತ್ರವೇ ಹೆಚ್ಚು ಕುತೂಹಲಕರ ಎಂದು ನನಗನ್ನಿಸುತ್ತದೆ.

ಬಡ ದೇಶಗಳಲ್ಲಿ ಕಾಯಿಲೆ ಹೆಚ್ಚು, ಕೊಳ್ಳುವ ಶಕ್ತಿ ಕಡಿಮೆ. ಕೊಳ್ಳುವವರೇ ಇಲ್ಲವೆಂದ ಮೇಲೆ ಕಂಪನಿ ಕಾರ್ಖಾನೆ ಕಟ್ಟುವುದಿಲ್ಲ. ಕಾರ್ಖಾನೆ ಇಲ್ಲದೆ ಬೆಲೆ ಇಳಿಯುವುದಿಲ್ಲ. ಈ ಗಂಟನ್ನು ಬಿಡಿಸಲು ಮೈಕೆಲ್ ಕ್ರೆಮರ್ ಎಂಬ ಅರ್ಥಶಾಸ್ತ್ರಜ್ಞರು ಒಂದು ಉಪಾಯ ಹೇಳುತ್ತಿದ್ದರು. ಅಭಿಜಿತ್ ಬ್ಯಾನರ್ಜಿ ಮತ್ತು ಎಸ್ತರ್ ಡುಫ್ಲೊ ಅವರೊಂದಿಗೆ 2019ರಲ್ಲಿ ನೊಬೆಲ್ ಪಡೆದ ಕ್ರೆಮರ್ ಅವರೇ ಇವರು. ವಾಷಿಂಗ್ಟನ್ನಿನ ಸೆಂಟರ್ ಫಾರ್ ಗ್ಲೋಬಲ್ ಡೆವಲಪ್‌ಮೆಂಟ್ ಎಂಬ ಸಂಶೋಧನಾ ಸಂಸ್ಥೆ ಒಂದು ತಂಡ ಕಟ್ಟಿ, 2005ರಲ್ಲಿ ಆ ಉಪಾಯಕ್ಕೆ ಒಪ್ಪಂದದ ರೂಪ ಕೊಟ್ಟಿತು.

ನಮ್ಮ ರೈತರಿಗೆ ಇದನ್ನು ವಿವರಿಸಿ ಹೇಳಬೇಕಾಗಿಯೇ ಇಲ್ಲ. ಬಿತ್ತನೆಗೆ ಮೊದಲೇ ಬೆಂಬಲ ಬೆಲೆ ಸಾರುತ್ತಾರಲ್ಲ, ಅದೇ. ಲಸಿಕೆ ತಯಾರಿಸಿ, ಗುಣಮಟ್ಟ ತೋರಿಸಿ, ಬಡ ದೇಶಗಳು ಬೇಕೆಂದು ಕೇಳಿದರೆ ಇಂತಿಷ್ಟು ದರಕ್ಕೆ ಕೊಳ್ಳುತ್ತೇವೆ ಎಂದು ಮುಂಚಿತವಾಗಿ ಮಾತು ಕೊಡುವುದು. ಇಟಲಿ, ಬ್ರಿಟನ್, ಕೆನಡಾ, ರಷ್ಯಾ, ನಾರ್ವೆ ದೇಶಗಳು ಮತ್ತು ಗೇಟ್ಸ್ ಪ್ರತಿಷ್ಠಾನ ಸೇರಿ 150 ಕೋಟಿ ಡಾಲರ್ ತೆಗೆದಿರಿಸಿದವು. ಐದರಲ್ಲಿ ಎರಡು ಪಾಲಿಗಿಂತ ತುಸು ಹೆಚ್ಚು ಇಟಲಿಯದೇ. ಒಪ್ಪಂದಕ್ಕೆ ಬಂದ ಕಂಪನಿಗೆ ಮೊದಲ ಕೆಲವು ಡೋಸುಗಳಿಗೆ ತಲಾ 7 ಡಾಲರ್. ಹತ್ತು ವರ್ಷಗಳ ಒಪ್ಪಂದದ ಉಳಿದ ಡೋಸುಗಳಿಗೆ ಮೂರೂವರೆ ಡಾಲರಿಗಿಂತ ಹೆಚ್ಚು ಕೇಳುವಂತಿರಲಿಲ್ಲ. 2010ರ ಡಿಸೆಂಬರಿನಲ್ಲಿ ನಿಕರಾಗುವಾದಲ್ಲಿ ಮೊದಲ ಮಕ್ಕಳಿಗೆ ಲಸಿಕೆ ಹಾಕಲಾಯಿತು. ಮರುವರ್ಷ ಕೀನ್ಯಾದಲ್ಲಿ.

ಇಲ್ಲಿಯವರೆಗೆ ಎಲ್ಲವೂ ಸುಂದರ. ತಕರಾರು ಶುರುವಾದದ್ದು ಕಂಪನಿಗಳ ಹೆಸರು ಹೊರಬಿದ್ದಾಗ. ಮೊದಲು ಸಹಿ ಮಾಡಿದವು ಫೈಜರ್ ಮತ್ತು ಗ್ಲಾಕ್ಸೋ ಸ್ಮಿತ್‌ಕ್ಲೈನ್. ಇಬ್ಬರ ಲಸಿಕೆಯೂ ಆಗಲೇ ಸಿದ್ಧವಾಗಿ ಶ್ರೀಮಂತ ದೇಶಗಳಲ್ಲಿ ಮಾರಾಟವಾಗುತ್ತಿತ್ತು. ಪೈರು ತೆನೆಗಟ್ಟಿದ ಮೇಲೆ ಬೆಂಬಲ ಬೆಲೆ ಸಾರಿದಂತಾಯಿತಲ್ಲ ಎಂದು ಕೇಳಿದವರಿದ್ದರು. ಗಡಿಯಿಲ್ಲದ ವೈದ್ಯರ ಸಂಘಟನೆಯಂತೂ ಒಂದು ಮಗುವಿನ ಮೂರೂ ಡೋಸುಗಳಿಗೆ ಒಟ್ಟು 5 ಡಾಲರ್ ಸಾಕು ಎಂದು ಬಹಳ ಕಾಲ ಹಟ ಹಿಡಿಯಿತು.

ಆಕ್ಷೇಪದಲ್ಲಿ ಹುರುಳಿದೆ. ಆದರೆ ಪೂರ್ತಿ ಒಪ್ಪಲು ನನಗೆ ಮನಸ್ಸಿಲ್ಲ. ತೆನೆ ಕಟ್ಟಿದ್ದು ನಿಜ, ಇದ್ದದ್ದು ಎರಡೇ ಹೊಲ. ಕೋಟಿಗಟ್ಟಲೆ ಡೋಸುಗಳನ್ನು ತಯಾರಿಸುವಷ್ಟು ಕಾರ್ಖಾನೆಗಳು ಇರಲಿಲ್ಲ. ಆ ಹಣ ಕೊಂಡದ್ದು ಹೊಸ ಸಂಶೋಧನೆಯನ್ನಲ್ಲ, ತಯಾರಿಕೆಯ ಸಾಮರ್ಥ್ಯವನ್ನು. ಕ್ರೆಮರ್ ಮತ್ತು ಸಂಗಡಿಗರು 2020ರಲ್ಲಿ ಲೆಕ್ಕ ಹಾಕಿ, ಈ ಲಸಿಕೆಯಿಂದ ಸುಮಾರು 7 ಲಕ್ಷ ಜೀವ ಉಳಿದಿರಬಹುದು ಎಂದರು. ಇಂಥ ಒಪ್ಪಂದವಿಲ್ಲದೆ ಬಂದ, ಮಕ್ಕಳ ಭೇದಿ ತಡೆಯುವ ರೋಟಾವೈರಸ್ ಲಸಿಕೆಗಿಂತ ಇದು ಬಡ ದೇಶಗಳಲ್ಲಿ ಬೇಗ ಹರಡಿತೆಂಬುದು ಅವರ ವಾದ. ಉಪಾಯ ಹೇಳಿದವರೇ ಅಂಕ ಕೊಟ್ಟುಕೊಂಡಿದ್ದಾರೆ ಎಂಬುದನ್ನೂ ಮನಸ್ಸಿನಲ್ಲಿಟ್ಟುಕೊಂಡು ಕೇಳಬೇಕು.

ನಿಜವಾದ ಬೆಲೆ ಇಳಿಕೆ ಬಂದದ್ದು ಮೂರನೆಯ ಹೊಲದಿಂದ. ಪುಣೆಯ ಸೀರಂ ಇನ್‌ಸ್ಟಿಟ್ಯೂಟ್ ಹತ್ತು ಬಗೆಯ ನ್ಯುಮೋಕಾಕಸ್ ತಡೆಯುವ ಲಸಿಕೆಯನ್ನು ತಯಾರಿಸಿತು. ವಿಶ್ವ ಆರೋಗ್ಯ ಸಂಸ್ಥೆ 2019ರ ಡಿಸೆಂಬರಿನಲ್ಲಿ ಅದಕ್ಕೆ ಮಾನ್ಯತೆ ಕೊಟ್ಟಿತು. ಬಡ ದೇಶಗಳಿಗೆ ಆಗ ದರ ಡೋಸಿಗೆ 2 ಡಾಲರ್ ಆಗಿತ್ತು. ಹತ್ತು ವರ್ಷದ ಮನವಿಗಳಿಗೆ ಅಷ್ಟಾಗಿ ಜಗ್ಗದ ಬೆಲೆಯನ್ನು ಒಬ್ಬ ಪ್ರತಿಸ್ಪರ್ಧಿ ಜಗ್ಗಿಸಿದ. ಅಂಥ ಹೊಸಬರಿಗೆಂದೇ ಒಪ್ಪಂದದಲ್ಲಿ ಜಾಗ ಉಳಿಸಿದ್ದರು ಎಂಬುದನ್ನು ಟೀಕಾಕಾರರು ಅಷ್ಟಾಗಿ ಹೇಳುವುದಿಲ್ಲ.

ಈ ದರಗಳು ಗಾವಿ ಎಂಬ ಲಸಿಕೆ ಒಕ್ಕೂಟದ ನೆರವು ಪಡೆಯುವ ದೇಶಗಳಿಗೆ. ಆದಾಯದ ಗೆರೆಯನ್ನು ಒಂದಿಷ್ಟು ದಾಟಿದ ದೇಶಗಳು ಇಂದಿಗೂ ಇದೇ ಲಸಿಕೆಗೆ ಹೆಚ್ಚು ಕೊಡಬೇಕಾಗಿ ಬರುತ್ತದೆ. ನಮ್ಮಲ್ಲೂ ಖಾಸಗಿ ಆಸ್ಪತ್ರೆಯಲ್ಲಿ ಪಿಸಿವಿ ಹಾಕಿಸಿದರೆ ಬಿಲ್ಲು ಸಾವಿರದ ಲೆಕ್ಕದಲ್ಲಿ ಬರುವುದುಂಟು.

ಉಪಕೇಂದ್ರದಲ್ಲಿ ಅದು ಉಚಿತ. ಆರೋಗ್ಯ ಸಹಾಯಕಿ ತಾಯಿ ಕಾರ್ಡಿನಲ್ಲಿ ತಾರೀಖು ಬರೆದು, ಮುಂದಿನ ಪಿಸಿವಿ ಮೂರೂವರೆ ತಿಂಗಳಿಗೆ, ಆಮೇಲಿನದು ಒಂಬತ್ತು ತುಂಬಿದ ಮೇಲೆ ಎಂದು ಹೇಳುತ್ತಾರೆ. ಅಷ್ಟರಲ್ಲಿ ಅಜ್ಜಿ ಕೂಸನ್ನು ಎತ್ತಿಕೊಂಡು ಬಾಗಿಲಾಚೆ ಹೋಗಿಯಾಗಿರುತ್ತದೆ.

ನಮಸ್ಕಾರ.